ಮತ ಹಾಕುವ ಸ್ವಾತಂತ್ರ್ಯ ನನಗಿದ್ದಿದ್ದರೆ

ವಾಷಿಂಗ್ಟನ್, ಮಾರ್ಚ್ 12

ಪ್ರೀತಿಯ ಮಾರಿಟ್,

ಮೈನಾಟ್‌ನಲ್ಲಿ ಮೌಸ್ ನದಿ ಮತ್ತೆ ಏರುತ್ತಿದೆ ಎಂದು ಇಲ್ಲಿನ ಪತ್ರಿಕೆಯಲ್ಲಿ ಎರಡು ಸಾಲು ಬಂದಿತ್ತು. ಹೆಸರಿಗೆ ಇಲಿ, ಹಿಮ ಕರಗಿದರೆ ಹುಲಿ. ನೆಲಮಾಳಿಗೆಯ ಸಾಮಾನನ್ನೆಲ್ಲ ಮೇಲಕ್ಕೆ ಸಾಗಿಸು, ಆದರೆ ನೀನು ಹೊರಬೇಡ. ಐದು ತಿಂಗಳ ಬಸುರಿ ಮರಳಿನ ಚೀಲ ಹೊತ್ತಳು ಅಂತ ನಿನ್ನಮ್ಮನಿಗೆ ಸ್ವರ್ಗದಲ್ಲಿ ಗೊತ್ತಾದರೆ ನಾನು ಅಲ್ಲಿಗೆ ಹೋದಾಗ ಬಾಗಿಲು ತೆಗೆಯುವವಳಲ್ಲ.

ಅಳಿಯ ರಾಯ್ ಏನಾದರೂ ಬರೆದನೇ? ಗುವಾಮ್ ದ್ವೀಪದ ವಿಮಾನ ನೆಲೆಯಲ್ಲಿ ಮಳೆಯೋ ಬಿಸಿಲೋ ಅನ್ನುವುದನ್ನು ಬಿಟ್ಟು ಬೇರೆ ಏನಾದರೂ?

ಇಲ್ಲಿನ ಕಥೆ ಕೇಳು. ಕಾಂಬೋಡಿಯಾದ ಮೇಲೆ ಬಾಂಬ್ ಹಾಕುವುದನ್ನು ಮುಂದುವರಿಸಲು ರಾಷ್ಟ್ರಾಧ್ಯಕ್ಷರ ಕಡೆಯವರು ಇನ್ನಷ್ಟು ಹಣ ಕೇಳಿದ್ದಾರೆ. ನೇರವಾಗಿ ಕೇಳಿದರೆ ಸೆನೆಟ್ ಕೊಡುವುದಿಲ್ಲ ಅಂತ ಅವರಿಗೂ ಗೊತ್ತು. ಅದಕ್ಕೇ ಅದೇ ಮಸೂದೆಯೊಳಗೆ ನಮ್ಮ ನದಿಯ ನೆರೆ ಪರಿಹಾರವನ್ನೂ ಸೇರಿಸಿದ್ದಾರೆ. ನಾಯಿಗೆ ಮಾತ್ರೆ ಕೊಡಬೇಕಾದರೆ ಮಾಂಸದ ತುಂಡಿನಲ್ಲಿ ಹುದುಗಿಸುತ್ತಾರಲ್ಲ, ಹಾಗೆ. ನಾನು ಬೇಡ ಅಂದರೆ ನಾಳೆ ಮೈನಾಟ್‌ನ ಗೋಡೆಗಳ ಮೇಲೆ ‘ಸೆನೆಟರ್ ಟ್ವೆಟ್ ನಮ್ಮನ್ನು ಮುಳುಗಿಸಿದ’ ಅಂತ ಬರೆಯುತ್ತಾರೆ. ಹೂಂ ಅಂದರೆ ನಿನ್ನ ಗಂಡ ಇನ್ನೂ ಎಷ್ಟು ಕಾಲ ಆ ಬಾಂಬರ್ ವಿಮಾನದಲ್ಲೋ. ಇತ್ತ ನೆರೆ, ಅತ್ತ ಸೆರೆ.

ನಮ್ಮ ಕಡೆಯಲ್ಲಿ ಮತಕ್ಕೆ ಮೊದಲು ತಲೆ ಎಣಿಸುವ ಕೆಲಸ ಸೆನೆಟರ್ ಕೆಸ್ಲರ್‌ದು. ಕೋಳಿ ಗೂಡಿಗೆ ಬರುವ ಮೊದಲೇ ಮೊಟ್ಟೆ ಎಣಿಸುವ ಆಸಾಮಿ. ಮೊನ್ನೆ ನಮ್ಮನ್ನೆಲ್ಲ ಕೂರಿಸಿಕೊಂಡು ಹೇಳಿದ: “ಮಸೂದೆ ಮುಟ್ಟಬೇಡಿ ಕಣ್ರಯ್ಯಾ. ನೆರೆ ಹಣ ಇರಲಿ, ಬಾಂಬಿನ ಹಣವೂ ಇರಲಿ. ಕೊನೆಗೆ ಒಂದೇ ಒಂದು ಸಾಲು ಸೇರಿಸೋಣ.” ಸಾಲು ಇಷ್ಟು: ‘ಈ ಹಣದಲ್ಲಾಗಲಿ, ಸರ್ಕಾರದ ಬೇರಾವ ಹಣದಲ್ಲಾಗಲಿ, ಒಂದು ಸೆಂಟೂ ಕಾಂಬೋಡಿಯಾದ ಮೇಲೆ ಬಾಂಬ್ ಹಾಕುವುದಕ್ಕೆ ಖರ್ಚಾಗತಕ್ಕದ್ದಲ್ಲ.’

ಅದನ್ನು ಎರಡು ಸಲ ಓದಿದೆ. ಎಂಟು ಎಂಜಿನ್ನಿನ ವಿಮಾನ, ಸಮುದ್ರ ದಾಟಿ ಹೋಗುವಂಥದ್ದು, ಅದು ಹಾರಿದರೆ ನಿಮ್ಮನೆಯ ಕಿಟಕಿ ಗಾಜು ಅದುರುತ್ತದೆ. ಅದನ್ನು ಒಂದು ಸಾಲು ಕೆಳಗಿಳಿಸಬಲ್ಲದು. ಖಡ್ಗ ರಾಷ್ಟ್ರಾಧ್ಯಕ್ಷರ ಕೈಯಲ್ಲಿದೆ, ಹಣದ ಥೈಲಿ ನಮ್ಮ ಕೈಯಲ್ಲಿದೆ. ಇಷ್ಟು ವರ್ಷ ಇಲ್ಲಿ ಕೂತು ಗೋಧಿ ಬೆಲೆಯ ಬಗ್ಗೆ ಭಾಷಣ ಬಿಗಿದವನಿಗೆ ಆ ಥೈಲಿಯ ತೂಕ ಈಗ ಗೊತ್ತಾಗುತ್ತಿದೆ.

ಇನ್ನೊಂದು ವಿಷಯ. ಎದುರು ಕಡೆಯ ಸೆನೆಟರ್ ಟಾರ್ಲ್ಟನ್, ಅದೇ ನಿನ್ನ ಲೂಷಸ್ ಮಾಮ, ಅವನ ಹೆಂಡತಿ ಯುಡೋರಾ ಅತ್ತೆ ವಾಸಿಯಾಗುವ ಭರವಸೆ ಇಲ್ಲವಂತೆ. ಅವನು ಊರಿಗೆ ಹೊರಟ. ಹೊರಡುವ ಮುನ್ನ ನನ್ನ ಕೋಣೆಯ ಬಾಗಿಲಲ್ಲಿ ನಿಂತು, ಟೊಪ್ಪಿಗೆಯನ್ನು ಕೈಯಲ್ಲಿ ತಿರುಗಿಸುತ್ತ, “ಟ್ವೆಟ್, ಯುದ್ಧದ ಮತ ಬಂದರೆ ನನಗೆ ಜೋಡಿಯಾಗಿರ್ತೀಯಾ?” ಅಂದ. “ಆಗಲಿ” ಅಂದೆ. ಅಷ್ಟೇ ಮಾತು.

ಜೋಡಿ ಅಂದರೆ ನಿನಗೆ ಗೊತ್ತಿದೆ, ಆದರೂ ಹೇಳುತ್ತೇನೆ. ಕಷ್ಟದಲ್ಲಿದ್ದು ಬರಲಾಗದ ಎದುರಾಳಿಗಾಗಿ, ಸಭೆಯಲ್ಲಿ ಇರುವವನು ತನ್ನ ಮತ ಹಾಕದೆ ತಡೆದುಕೊಳ್ಳುವುದು. ಅವನದೊಂದು ಇಲ್ಲ, ನನ್ನದೊಂದು ಇಲ್ಲ, ತಕ್ಕಡಿ ಸಮ. ಕಾನೂನಿನಲ್ಲಿ ಇದಕ್ಕೆ ಕಟ್ಟುಪಾಡಿಲ್ಲ, ಬಾಯಿಮಾತು ಮಾತ್ರ. ನಿನ್ನಮ್ಮನ ಕೊನೆಯ ವಾರ ನಾನು ಆಸ್ಪತ್ರೆಯಲ್ಲಿ ಅವಳ ಕೈ ಹಿಡಿದು ಕೂತಿದ್ದಾಗ ಇಲ್ಲಿ ನನಗಾಗಿ ಮತ ತಡೆದುಕೊಂಡವನು ಲೂಷಸ್. ಅವತ್ತು ಬಿದ್ದುಹೋದದ್ದು ಅವನೂರಿನ ಹಡಗುಕಟ್ಟೆಯ ಯೋಜನೆ, ಅದೂ ಒಂದೇ ಮತದಿಂದ. ನಾನು ವಾಪಸು ಬಂದು ಥ್ಯಾಂಕ್ಸ್ ಹೇಳಲು ಬಾಯಿ ತೆರೆದರೆ ಕೈ ಅಡ್ಡ ಹಿಡಿದ. “ಜೋಡಿಗೆ ಥ್ಯಾಂಕ್ಸ್ ಹೇಳಬಾರದು. ಹೇಳಿದರೆ ಮಾತು ಹೋಗಿ ಉಪಕಾರ ಆಗ್ತದೆ.” ಇಲ್ಲಿನ ಹಳಬರ ಪದ್ಧತಿ ಅದು.

ಮಸೂದೆ ಜೂನ್‌ವರೆಗೆ ಬರುವುದಿಲ್ಲವಂತೆ. ಅಷ್ಟರಲ್ಲಿ ಅವನು ಬಂದಿರುತ್ತಾನೆ.

ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದುಕೋ.

ನಿನ್ನ ಅಪ್ಪ,
ಆರ್ವಿಲ್ ಟ್ವೆಟ್

•

ಮೈನಾಟ್, ಮಾರ್ಚ್ 23

ಅಪ್ಪಾ,

ಹುಲಿ ಎರಡನೇ ಬೀದಿಯವರೆಗೆ ಬಂದು ನಿಂತಿದೆ. ನಮ್ಮನೆಗೆ ಇನ್ನೂ ಬಂದಿಲ್ಲ. ಚೀಲ ನಾನು ಹೊರಲಿಲ್ಲ, ಹೊರುವವರಿಗೆ ಕಾಫಿ ಹೊತ್ತೆ.

ಅಂಗಡಿಯಲ್ಲಿ ನಮ್ಮ ವಿಮಾನ ನೆಲೆಯ ಹಿರಿಯ ಅಧಿಕಾರಿಯ ಹೆಂಡತಿ ಮಿಸೆಸ್ ಹ್ಯಾಸ್ಕೆಲ್ ಸಿಕ್ಕಿದ್ದಳು. ನಾಲ್ಕು ಜನಕ್ಕೆ ಕೇಳುವ ಹಾಗೆ, “ನಿಮ್ಮ ತಂದೆ ನಮ್ಮ ಗಂಡಂದಿರ ವಿಮಾನಕ್ಕೆ ಪೆಟ್ರೋಲ್ ಕೊಡಬಾರದು ಅಂತಾರಂತೆ?” ಅಂದಳು. “ವಾಪಸ್ ಬರೋಕೆ ಎಷ್ಟು ಬೇಕೋ ಅಷ್ಟು ಕೊಡ್ತಾರಂತೆ” ಅಂದೆ. ಆಮೇಲೆ ಕಾರಿನಲ್ಲಿ ಕೂತು ಅತ್ತೆ. ಅದನ್ನು ಅವಳು ನೋಡಲಿಲ್ಲ.

ರಾಯ್ ಬರೆದಿದ್ದಾನೆ. ಮೊದಲ ಪುಟ ಪೂರ್ತಿ ಊಟ, ಅನಾನಸ್, ಹಲ್ಲಿ. ಎರಡನೇ ಪುಟದಲ್ಲಿ ಹೀಗಿದೆ: ‘ವಿಮಾನಕ್ಕೆ ದಾರಿ ತೋರಿಸುವುದು ನನ್ನ ಕೆಲಸವಾದ್ದರಿಂದ ನಕ್ಷೆ ನನ್ನ ಮುಂದೆಯೇ ಇರುತ್ತದೆ. ಇಷ್ಟು ದಿನ ಬರೀ ಅಂಕಿ ನೋಡುತ್ತಿದ್ದೆ. ಈಗ ಊರುಗಳ ಹೆಸರು ಕಣ್ಣಿಗೆ ಬೀಳುತ್ತಿವೆ. ಒಂದೊಂದನ್ನು ಬಾಯಲ್ಲಿ ಹೇಳಿಕೊಂಡು ನೋಡುತ್ತೇನೆ. ನಿಮ್ಮಪ್ಪನಿಗೆ ಇದನ್ನು ಹೇಳಬೇಡ.’

ಹೇಳಿದ್ದೇನೆ.

ಅಪ್ಪಾ, ಅವನು ಅಲ್ಲೇ ಇನ್ನೂ ಹೆಚ್ಚು ದಿನ ಇದ್ದರೆ ಬದುಕಿ ಬರುತ್ತಾನೋ ಇಲ್ಲವೋ ಗೊತ್ತಿಲ್ಲ, ಆದರೆ ನಾನು ಮದುವೆಯಾದವನಂತೂ ಬರುವುದಿಲ್ಲ. ನಿನ್ನ ಆ ಒಂದು ಸಾಲನ್ನು ಹೇಗಾದರೂ ಮಾಡಿ ಬರೆಸು.

ಯುಡೋರಾ ಅತ್ತೆಯ ಸುದ್ದಿ ಕೇಳಿ ಬೇಜಾರಾಯಿತು. ಚಿಕ್ಕವಳಿದ್ದಾಗ ಸಭೆಯ ಮೆಟ್ಟಿಲ ಮೇಲೆ ಲೂಷಸ್ ಮಾಮ ಜೇಬಿನಿಂದ ಪೆಪ್ಪರ್‌ಮಿಂಟ್ ತೆಗೆದು ಕೊಟ್ಟು, “ನಿಮ್ಮಪ್ಪನ ಮತ ನನಗೆ ಹಾಕಿಸಿದರೆ ಇನ್ನೊಂದು” ಅನ್ನುತ್ತಿದ್ದರು. ಒಂದು ಸಲವೂ ಇನ್ನೊಂದು ಸಿಗಲಿಲ್ಲ.

ನಿನ್ನ ಮಾರಿಟ್

•

ವಾಷಿಂಗ್ಟನ್, ಏಪ್ರಿಲ್ 9

ಮಾರಿಟ್,

ಈ ಪತ್ರವನ್ನು ಕೂತು ಓದು.

ಕೆಸ್ಲರ್ ಇವತ್ತು ಊಟದ ಕೋಣೆಯಲ್ಲಿ ನನ್ನ ಎದುರಿಗೆ ಬಂದು ಕೂತ. ಅವನ ಬೀನ್ಸ್ ಸೂಪು ಆರುತ್ತಿದ್ದರೂ ಗಮನವಿಲ್ಲ, ಮುಖ ಮಾತ್ರ ಹಬ್ಬ. ಜೂನ್‌ಗೆ ಬರಬೇಕಿದ್ದ ಮತವನ್ನು ಮುಂದಿನ ವಾರಕ್ಕೆ ಎಳೆದಿದ್ದಾನೆ. “ಎದುರು ಕಡೆ ಟಾರ್ಲ್ಟನ್ ಊರಲ್ಲಿಲ್ಲ ಟ್ವೆಟ್. ಇದೇ ಸಮಯ. ನಮಗೆ ನಲವತ್ತೇಳು, ಅವರಿಗೆ ನಲವತ್ತಾರು. ಒಂದೇ ಒಂದು, ಆದರೆ ಆ ಒಂದು ಸಾಕು.”

“ನಲವತ್ತೇಳರಲ್ಲಿ ನಾನೂ ಇದ್ದೀನಾ?” ಅಂದೆ.

“ಇಲ್ಲದೆ ಇರ್ತೀಯಾ? ನಿನ್ನ ಅಳಿಯನೇ ಅಲ್ಲಿದ್ದಾನೆ.”

“ನಾನು ಲೂಷಸ್‌ಗೆ ಜೋಡಿ ಕಣಯ್ಯಾ.”

ಕೆಸ್ಲರ್ ಚಮಚ ಕೆಳಗಿಟ್ಟ. ಅವನು ಬಯ್ದಿದ್ದರೆ ಚೆನ್ನಾಗಿತ್ತು. ಮೆಲ್ಲಗೆ, ಮಕ್ಕಳಿಗೆ ಲೆಕ್ಕ ಹೇಳಿಕೊಡುವ ಹಾಗೆ ಹೇಳಿದ: “ನೀನು ತಡೆದುಕೊಂಡರೆ ಎರಡೂ ಕಡೆ ನಲವತ್ತಾರು. ಸಮ ಬಂದರೆ ಪೀಠದಲ್ಲಿರೋ ಉಪಾಧ್ಯಕ್ಷರು ಮತ ಹಾಕ್ತಾರೆ. ಅವರು ಯಾರ ಕಡೆ ಅಂತ ನಿನ್ನ ಮೊಮ್ಮಗೂಗೂ ಗೊತ್ತು, ಇನ್ನೂ ಹುಟ್ಟದೇ ಇದ್ದರೂ. ಫೋನ್ ಮಾಡಿ ಬಿಡಿಸಿಕೋ.”

“ಸಾಯೋ ಹೆಂಡತಿ ಮಂಚದ ಹತ್ತಿರ ಕೂತವನಿಗೆ ಫೋನ್ ಮಾಡಿ ಏನನ್ನಲಿ? ನೀನು ಇಲ್ಲ ಅಂತಲೇ ಮತ ಈಗ ಇಟ್ಟಿದ್ದೀವಿ, ಸ್ವಲ್ಪ ನನ್ನ ಬಿಡು ಅನ್ನಲಾ?”

“ಹಾಗಾದರೆ ಸುಮ್ಮನೆ ಹಾಕಿಬಿಡು. ಬರೆದುಕೊಟ್ಟಿದ್ದೀಯಾ? ಐದು ವರ್ಷ ಆದ ಮೇಲೆ ಯಾರಿಗೆ ನೆನಪಿರ್ತದೆ?”

ಬರೆದುಕೊಟ್ಟಿದ್ದರೆ ಮುರಿಯುವುದು ಸುಲಭವಿತ್ತು ಮಗಳೇ. ವಕೀಲರು ದಾರಿ ಹುಡುಕುತ್ತಿದ್ದರು. ಬರೀ ಬಾಯಿಮಾತಿಗೆ ಬಿರುಕು ಸಿಗುವುದಿಲ್ಲ. ಇದು ಹೆಮ್ಮೆಯ ಮಾತಲ್ಲ. ನನಗೆ ಹೆದರಿಕೆಯಾಗಿದೆ.

ಅಪ್ಪ

•

ಮೈನಾಟ್, ಏಪ್ರಿಲ್ 13

ಅಪ್ಪ,

ಓದಿದೆ. ಕೂತೇ ಓದಿದೆ.

ಮಾತು ದೊಡ್ಡದು, ನನಗೂ ಗೊತ್ತು. ನೀನು ಸಾಕಿದ ಮಗಳು. ಆದರೆ ಒಂದು ಕೇಳುತ್ತೇನೆ. ನೀನು ಮಾತು ಕೊಟ್ಟದ್ದು ಒಬ್ಬನಿಗೆ. ಆ ಮಾತಿನ ಬೆಲೆ ತೆರುವವರು ಬೇರೆಯವರು. ರಾಯ್ ತೆರುತ್ತಾನೆ, ನಾನು ತೆರುತ್ತೇನೆ, ಅವನ ನಕ್ಷೆಯಲ್ಲಿ ಹೆಸರಿರುವ ಊರಿನವರು ತೆರುತ್ತಾರೆ. ನಮ್ಮನ್ನು ಕೇಳಿ ಕೊಟ್ಟೆಯಾ?

ಪ್ರಾಸ ಹಾಕಿ ಉತ್ತರ ಬರೆಯಬೇಡ.

ಮಾರಿಟ್

•

ವಾಷಿಂಗ್ಟನ್, ಏಪ್ರಿಲ್ 19

ಮಾರಿಟ್,

ನಿಮ್ಮ ಯಾರನ್ನೂ ಕೇಳಿ ಕೊಟ್ಟ ಮಾತಲ್ಲ. ನಡೆದದ್ದನ್ನು ಮಾತ್ರ ಹೇಳುತ್ತೇನೆ, ಪತ್ರಿಕೆಯಲ್ಲಿ ಓದುವುದಕ್ಕಿಂತ ನನ್ನಿಂದಲೇ ತಿಳಿಯಲಿ.

ಗುಮಾಸ್ತ ಹೆಸರು ಕೂಗುತ್ತ ಬಂದ. ಅಕ್ಷರಮಾಲೆಯಲ್ಲಿ ಲೂಷಸ್‌ನದೂ ನನ್ನದೂ ಅಕ್ಕಪಕ್ಕದ ಹೆಸರು. ನಾನು ಇಲ್ಲಿಗೆ ಬಂದಾಗಿನಿಂದ ‘ಟಾರ್ಲ್ಟನ್’ ಅಂದ ಕೂಡಲೇ ಅವನ ದಪ್ಪ ದನಿ, ‘ಟ್ವೆಟ್’ ಅಂದ ಕೂಡಲೇ ನನ್ನ ಸಣ್ಣ ದನಿ. ಅವನು ಹೌದು ಅಂದರೆ ನಾನು ಇಲ್ಲ, ಅವನು ಇಲ್ಲ ಅಂದರೆ ನಾನು ಹೌದು. ಇವತ್ತು ‘ಟಾರ್ಲ್ಟನ್’ ಅಂದಾಗ ಅವನ ಮೇಜು ಖಾಲಿ. ಗುಮಾಸ್ತ ಎರಡು ಸಲ ಕೂಗಿದ.

ಆಮೇಲೆ ನನ್ನ ಹೆಸರು.

ಎದ್ದು ನಿಂತೆ. ಮೇಜಿನ ಡ್ರಾಯರ್ ತೆರೆದೇ ಇತ್ತು. ಅದರೊಳಗೆ ಹಿಂದೆ ಈ ಮೇಜಿನಲ್ಲಿ ಕೂತವರೆಲ್ಲ ಚಾಕುವಿನಲ್ಲಿ ತಮ್ಮ ಹೆಸರು ಕೆತ್ತಿ ಹೋಗಿದ್ದಾರೆ, ನಿನಗೆ ಚಿಕ್ಕಂದಿನಲ್ಲಿ ತೋರಿಸಿದ್ದೆ. ಎಷ್ಟು ಯುದ್ಧಕ್ಕೆ ಹೂಂ ಅಂದವರೋ, ಎಷ್ಟಕ್ಕೆ ಊಹೂಂ ಅಂದವರೋ. ಆ ಹೆಸರುಗಳನ್ನು ನೋಡುತ್ತಲೇ ಪದ್ಧತಿಯ ಮಾತು ಹೇಳಿದೆ:

“ಸಭಾಪತಿಗಳೇ, ಈ ಮತದಲ್ಲಿ ನನಗೆ ಸೆನೆಟರ್ ಟಾರ್ಲ್ಟನ್ ಅವರೊಂದಿಗೆ ಜೋಡಿ ಇದೆ. ಅವರು ಇಲ್ಲಿದ್ದಿದ್ದರೆ ‘ಇಲ್ಲ’ ಎನ್ನುತ್ತಿದ್ದರು. ಮತ ಹಾಕುವ ಸ್ವಾತಂತ್ರ್ಯ ನನಗಿದ್ದಿದ್ದರೆ ನಾನು ‘ಹೌದು’ ಎನ್ನುತ್ತಿದ್ದೆ. ಆದ್ದರಿಂದ ನನ್ನ ಮತವನ್ನು ತಡೆಹಿಡಿಯುತ್ತೇನೆ.”

ಈ ಸಭೆಯಲ್ಲಿ ಯಾರು ಮಾತಾಡಿದರೂ ಪಕ್ಕದವರು ಪಿಸುಗುಡುತ್ತಿರುತ್ತಾರೆ, ಕಾಗದ ಮಗುಚುತ್ತಾರೆ, ಕೆಮ್ಮುತ್ತಾರೆ. ಇವತ್ತು ಒಂದು ಕಾಗದವೂ ಅಲುಗಲಿಲ್ಲ. ನನ್ನ ಅಳಿಯ ಎಲ್ಲಿದ್ದಾನೆ ಅಂತ ಅಲ್ಲಿ ಎಲ್ಲರಿಗೂ ಗೊತ್ತಿತ್ತು. ಎದುರು ಕಡೆಯವರೂ ನನ್ನ ಮುಖ ನೋಡದೆ ತಲೆ ತಗ್ಗಿಸಿದರು. ಗೆದ್ದವರು ತಲೆ ತಗ್ಗಿಸಿದ್ದನ್ನು ನಾನು ಮೊದಲ ಸಲ ನೋಡಿದೆ.

ಸಮ ಬಂತು. ಉಪಾಧ್ಯಕ್ಷರು ಸಾಲನ್ನು ಹೊಡೆದುಹಾಕಿದರು. ಮಸೂದೆ ನೆರೆ ಹಣ, ಬಾಂಬಿನ ಹಣ ಎರಡನ್ನೂ ಹೊತ್ತುಕೊಂಡು ಕೆಳಮನೆಗೆ ಹೋಯಿತು.

ಅಪ್ಪ

•

ವಾಷಿಂಗ್ಟನ್, ಮೇ 20

ಮಾರಿಟ್,

ಇದು ಉತ್ತರ ಬಾರದ ನನ್ನ ಮೂರನೇ ಪತ್ರ. ನೀನು ಓದದೆ ಎತ್ತಿಡುತ್ತಿದ್ದರೂ ಪರವಾಗಿಲ್ಲ, ಎತ್ತಿಡುತ್ತೀಯಲ್ಲ.

ಅಮ್ಮನ ಲೆಫ್ಸ ರೊಟ್ಟಿಯ ಹಂಚು ಪಾರ್ಸೆಲ್ ಮಾಡಿದ್ದೇನೆ. ನಾನು ಇಲ್ಲಿ ಒಂದು ಸಲ ಪ್ರಯತ್ನ ಮಾಡಿದೆ. ಆಲೂಗಡ್ಡೆ ಬೇಯಿಸಿದ್ದು ಸರಿ, ಲಟ್ಟಿಸಿದ್ದು ನಾರ್ತ್ ಡಕೋಟಾದ ಆಕಾರ, ಸುಟ್ಟಿದ್ದು ಅದರ ಮೇಲಿನ ರಸ್ತೆಗಳ ಬಣ್ಣ. ಕೆಳಗಿನ ಮನೆಯವರು ಅಗ್ನಿಶಾಮಕದವರಿಗೆ ಫೋನ್ ಮಾಡಲು ಹೊರಟಿದ್ದರು.

ಯುಡೋರಾ ಅತ್ತೆ ಹೋದಳು. ಲೂಷಸ್ ವಾಪಸು ಬಂದಿದ್ದಾನೆ. ಕೋಟು ಎರಡಳತೆ ದೊಡ್ಡದಾದ ಹಾಗೆ ಕಾಣುತ್ತಾನೆ. ಸಭೆಗೆ ಬಂದವನು ನನ್ನ ಮೇಜಿನ ಹತ್ತಿರ ನಿಂತು, ಒಂದು ಪೆಪ್ಪರ್‌ಮಿಂಟ್ ಇಟ್ಟು ಹೋಗಿ ಕೂತ. ಆಮೇಲೆ ಎದ್ದು ನಿಂತು, ನನ್ನನ್ನು ‘ನನ್ನ ಗೌರವಾನ್ವಿತ ಮಿತ್ರರು’ ಅಂತ ಕರೆದು, ಯುದ್ಧದ ವಿಷಯದಲ್ಲಿ ನನಗೆ ಕೋಳಿಯಷ್ಟೂ ಬುದ್ಧಿಯಿಲ್ಲ ಅನ್ನುವ ಅರ್ಥ ಬರುವಂತೆ ಮುಕ್ಕಾಲು ಗಂಟೆ ಮಾತಾಡಿದ. ಕೇಳಿ ಸಮಾಧಾನವಾಯಿತು. ಅವನಲ್ಲಿ ಜೀವ ಇನ್ನೂ ಇದೆ.

ಈಗ ಸುದ್ದಿ. ಕೆಳಮನೆಯವರು ಆ ಸಾಲನ್ನು ಮತ್ತೆ ಬರೆದು ಮಸೂದೆಯನ್ನು ನಮಗೆ ಹಿಂದಕ್ಕೆ ಕಳಿಸುತ್ತಿದ್ದಾರೆ. ಚಮತ್ಕಾರ ನೋಡು. ನೆರೆ ಹಣ ಇನ್ನೂ ಅದರೊಳಗೇ ಇದೆ. ಅಂದರೆ ರಾಷ್ಟ್ರಾಧ್ಯಕ್ಷರು ಈಗ ಸಹಿ ಹಾಕದೆ ಮಸೂದೆ ಒದ್ದರೆ ಮೈನಾಟ್‌ಗೆ ಮರಳಿನ ಚೀಲವೂ ಇಲ್ಲ. ನಮ್ಮ ಕೊರಳಿಗೆ ಹಾಕಲೆಂದು ಹೆಣೆದ ಹಗ್ಗ ಅವರ ಕೊರಳಿಗೆ ಬಂದಿದೆ. ಕೆಸ್ಲರ್ ಖುಷಿಯಲ್ಲಿ ಸೂಪು ಬಿಸಿಯಿದ್ದಾಗಲೇ ಕುಡಿಯುತ್ತಾನೆ. ಕಾಯಿಲೆ ಬಿದ್ದಿದ್ದ ನಮ್ಮವನೊಬ್ಬ ಗುಣವಾಗಿ ಬಂದಿದ್ದಾನೆ. ಎಲ್ಲರೂ ಹಾಜರಿದ್ದರೆ, ಲೂಷಸ್‌ನ ‘ಇಲ್ಲ’ ಸೇರಿಸಿಯೂ, ನಮಗೆ ಒಂದು ಮತ ಹೆಚ್ಚು.

ಎಲ್ಲರೂ ಹಾಜರಿದ್ದರೆ.

ಅಪ್ಪ

•

ಮೈನಾಟ್, ಜೂನ್ 17

ಅಪ್ಪ,

ಹಂಚು ಬಂತು.

ಡಾಕ್ಟರಿಗೆ ನನ್ನ ರಕ್ತದೊತ್ತಡ ಇಷ್ಟವಾಗಿಲ್ಲ. ಆಸ್ಪತ್ರೆಗೆ ಸೇರಿಸಿಕೊಂಡಿದ್ದಾರೆ. ದಿನ ತುಂಬುವ ಮೊದಲೇ ಹೆರಿಗೆ ಮಾಡಿಸಬೇಕಾಗಬಹುದಂತೆ. ಮಗುವೋ ತಾಯಿಯೋ ಅನ್ನುವ ಮಾತನ್ನು ಬಾಗಿಲ ಹೊರಗೆ ಆಡಿದರು, ನನಗೆ ಕೇಳಿಸಿತು.

ರಾಯ್‌ಗೆ ರಜೆ ಕೊಡುವುದಿಲ್ಲವಂತೆ. ಅವನು ಈಗ ಊಟದ ಬಗ್ಗೆಯೂ ಬರೆಯುವುದಿಲ್ಲ.

ನಿನ್ನ ಮತ ಈ ವಾರವೇ ಬರಬಹುದು ಅಂತ ರೇಡಿಯೋದಲ್ಲಿ ಕೇಳಿದೆ. ಬಾ ಅಂತ ನಾನು ಕರೆಯುತ್ತಿಲ್ಲ. ತಿಳಿಸುತ್ತಿದ್ದೇನೆ ಅಷ್ಟೇ.

ಕಿಟಕಿಯಿಂದ ನದಿ ಕಾಣುತ್ತದೆ. ಇಳಿದಿದೆ.

ಮಾರಿಟ್

•

ವಾಷಿಂಗ್ಟನ್, ಜೂನ್ 23

ಮಾನ್ಯ ಸೆನೆಟರ್ ಅವರಿಗೆ,

ಮೈನಾಟ್ ಆಸ್ಪತ್ರೆಯ ವಿಳಾಸಕ್ಕೆ ಈ ಪತ್ರ ಬರೆಯುತ್ತಿದ್ದೇನೆ. ಫೋನಿನಲ್ಲಿ ಫಲಿತಾಂಶ ಮಾತ್ರ ಹೇಳಿ ಇಟ್ಟುಬಿಟ್ಟೆ. ನಿಮ್ಮ ಕಚೇರಿಯಲ್ಲಿ ಇಷ್ಟು ವರ್ಷ ಟೈಪ್ ಮಾಡಿದ್ದೇನೆ, ಅತ್ತಿದ್ದನ್ನು ನೀವು ಕೇಳಿಸಿಕೊಂಡಿಲ್ಲ, ಈಗಲೂ ಕೇಳಿಸಬಾರದು ಅಂತ.

ಮಾರಿಟ್ ಅವರ ಪತ್ರ ಓದಿದವರು ಟೊಪ್ಪಿಗೆಯನ್ನೂ ಮರೆತು ವಿಮಾನ ಹಿಡಿದಿರಿ. ನಾನು ಬಾಗಿಲವರೆಗೆ ಬಂದು “ಸರ್, ಮತ” ಅಂದೆ. “ಹೆಸ್ಟರ್, ಹೋದ ಸಲ ಅವಳಿಗಿಂತ ಮಾತು ದೊಡ್ಡದಾಯಿತು. ಈ ಸಲ ಅವಳೇ” ಅಂದಿರಿ. “ಜೋಡಿಗೆ ಯಾರನ್ನಾದರೂ ಕೇಳಲಾ?” ಅಂದೆ. “ಎದುರು ಕಡೆಯವನೇ ಆಗಬೇಕು. ಲೂಷಸ್ ಹೆಂಡತಿಯ ಸಮಾಧಿ ಮಣ್ಣು ಇನ್ನೂ ಹಸಿ ಇದೆ. ಯಾರನ್ನೂ ಕೇಳಬೇಡ” ಅಂದಿರಿ. ನಾನು ಯಾರನ್ನೂ ಕೇಳಲಿಲ್ಲ. ಇದು ನಿಮಗೆ ಮುಖ್ಯ ಅಂತ ಬಲ್ಲೆ, ಆದ್ದರಿಂದ ಮೊದಲು ಬರೆದೆ.

ನೀವು ಇಲ್ಲ ಅಂತ ತಿಳಿದ ಕೂಡಲೇ ಎದುರು ಕಡೆಯವರು ಮತವನ್ನು ನಿಗದಿಗಿಂತ ಮೊದಲೇ ಎಳೆದುಕೊಂಡರು. ಏಪ್ರಿಲ್‌ನಲ್ಲಿ ಕೆಸ್ಲರ್ ಅವರು ಮಾಡಿದ್ದನ್ನೇ ಅವರು ಈಗ ಮಾಡಿದರು. ಕೆಸ್ಲರ್ ನಮ್ಮ ಕೋಣೆಗೆ ಬಂದು ನಿಮ್ಮ ಖಾಲಿ ಕುರ್ಚಿಯನ್ನು ನೋಡಿ, “ಮತ್ತೆ ಸಮ. ಮತ್ತೆ ಉಪಾಧ್ಯಕ್ಷರು” ಅಂದು ಹೋದರು.

ನಾನು ಮೇಲಿನ ಗ್ಯಾಲರಿಯಲ್ಲಿ ಕೂತೆ. ಗುಮಾಸ್ತ ಹೆಸರು ಕೂಗುತ್ತ ಬಂದ. ನಾನು ಎಣಿಸುತ್ತಿದ್ದೆ, ಎಲ್ಲರೂ ಎಣಿಸುತ್ತಿದ್ದರು. “ಮಿಸ್ಟರ್ ಟಾರ್ಲ್ಟನ್.”

ಅವರು ಏಳಲು ಸ್ವಲ್ಪ ಹೊತ್ತಾಯಿತು. ಮೇಜಿನ ಮೇಲೆ ಎರಡೂ ಕೈ ಊರಿದರು. ‘ಇಲ್ಲ’ ಅನ್ನುವ ದಪ್ಪ ದನಿಗೆ ನಾನು ಕಿವಿ ಮುಚ್ಚಿಕೊಳ್ಳುವವಳಿದ್ದೆ.

“ಸಭಾಪತಿಗಳೇ,” ಅಂದರು. “ಈ ಮತದಲ್ಲಿ ನನಗೆ ನಾರ್ತ್ ಡಕೋಟಾದ ಸೆನೆಟರ್ ಟ್ವೆಟ್ ಅವರೊಂದಿಗೆ ಜೋಡಿ ಇದೆ. ಅವರು ಇಲ್ಲಿದ್ದಿದ್ದರೆ ‘ಹೌದು’ ಎನ್ನುತ್ತಿದ್ದರು. ಮತ ಹಾಕುವ ಸ್ವಾತಂತ್ರ್ಯ ನನಗಿದ್ದಿದ್ದರೆ ನಾನು ‘ಇಲ್ಲ’ ಎನ್ನುತ್ತಿದ್ದೆ. ಆದ್ದರಿಂದ ನನ್ನ ಮತವನ್ನು ತಡೆಹಿಡಿಯುತ್ತೇನೆ.”

ಸರ್, ನಾನು ಚರ್ಚಿನಲ್ಲೂ ಅಂಥ ಮೌನ ಕೇಳಿಲ್ಲ. ಗ್ಯಾಲರಿಯಲ್ಲಿದ್ದ ಮಕ್ಕಳೂ ಸುಮ್ಮನಾದವು, ಅವಕ್ಕೆ ಏನೂ ಅರ್ಥವಾಗದಿದ್ದರೂ. ಆಮೇಲೆ ಅವರ ಕಡೆಯ ತಲೆ ಎಣಿಸುವವರು ಸಾಲುಗಳ ನಡುವೆ ಬಹುತೇಕ ಓಡಿ ಬಂದರು. ಪಿಸುಗುಟ್ಟಿದರೂ ಆ ಮೌನದಲ್ಲಿ ಮೇಲಿನವರೆಗೆ ಕೇಳಿಸಿತು. “ಲೂಷಸ್, ಅವನು ನಿನ್ನನ್ನು ಕೇಳಿಯೇ ಇಲ್ಲವಲ್ಲಾ.”

ಟಾರ್ಲ್ಟನ್ ಕೂತುಕೊಳ್ಳುತ್ತ ಹೇಳಿದರು: “ಮನೇಲಿ ಕಷ್ಟ ಇರೋನ ಹತ್ತಿರ ಅರ್ಜಿ ಕೇಳ್ತೀಯೇನಯ್ಯಾ?”

“ಆ ಸಾಲು ನಿಂತರೆ ಯುದ್ಧ ಬಿತ್ತು.”

“ಗೊತ್ತು. ಮೂವತ್ತು ವರ್ಷದಿಂದ ಎಣಿಸ್ತಿದ್ದೀನಿ, ಒಂದು ಕೂಡೋಕೆ ಕಳೆಯೋಕೆ ನನಗೂ ಬರ್ತದೆ.”

ಗುಮಾಸ್ತ ನಿಮ್ಮ ಹೆಸರು ಕೂಗಿದ. ಎರಡನೇ ಸಲವೂ ಕೂಗಿದ. ನಿಮ್ಮ ಮೇಜು ಖಾಲಿಯಿತ್ತು, ಆದರೆ ಸರ್, ಖಾಲಿ ಅನ್ನಿಸಲಿಲ್ಲ.

ನಲವತ್ತೇಳು, ನಲವತ್ತಾರು. ಸಾಲು ನಿಂತಿತು. ಉಪಾಧ್ಯಕ್ಷರಿಗೆ ಮಾಡಲು ಕೆಲಸವೇ ಉಳಿಯಲಿಲ್ಲ.

ಟೊಪ್ಪಿಗೆಯನ್ನು ಬೇರೆ ಪಾರ್ಸೆಲ್‌ನಲ್ಲಿ ಕಳಿಸಿದ್ದೇನೆ. ತಾಯಿಗೂ ಮಗುವಿಗೂ ನನ್ನ ಶುಭಾಶಯ. ಹೆಣ್ಣು ಅಂತ ಫೋನಿನಲ್ಲಿ ನೀವು ಹೇಳಿದಾಗ ನಿಮ್ಮ ದನಿಯೂ ಸರಿಯಿರಲಿಲ್ಲ.

ವಿಧೇಯಳು,
ಹೆಸ್ಟರ್ ಕ್ವಿಲ್

•

ವಾಷಿಂಗ್ಟನ್, ಜುಲೈ 2

ಟ್ವೆಟ್,

ನಿನ್ನ ಮೂರು ಪುಟದ ಪತ್ರ ಬಂತು. ಮೊದಲ ಸಾಲಿನಲ್ಲೇ ಜೋಡಿಗೆ ಹೇಳಬಾರದ ಆ ಪದ ಕಾಣಿಸಿತು, ಅಲ್ಲಿಗೆ ಮಡಚಿಟ್ಟೆ. ಪದ್ಧತಿ ಮರೆತೆಯಾ? ಮೊಮ್ಮಗು ಬಂದ ಮೇಲೆ ತಲೆ ನಿಲ್ಲುತ್ತಿಲ್ಲ ಅಂತ ಕ್ಷಮಿಸಿದ್ದೇನೆ.

ರಾಷ್ಟ್ರಾಧ್ಯಕ್ಷರು ಮಸೂದೆಗೆ ಸಹಿ ಹಾಕಿದ್ದಾರೆ, ಆದರೂ ನೀನು ಸರಿ ಅಂತ ನಾನು ಒಪ್ಪಿಲ್ಲ, ಒಪ್ಪುವುದೂ ಇಲ್ಲ. ನಾವು ಕೈಬಿಟ್ಟರೆ ಅಲ್ಲಿ ಏನಾಗುತ್ತದೋ ಅದರ ಭಾರ ನಿನ್ನ ಸಾಲಿನ ಮೇಲಿರುತ್ತದೆ, ನನ್ನ ಮೌನದ ಮೇಲೂ ಇರುತ್ತದೆ. ನಮ್ಮ ಕಡೆಯವರು ನನ್ನ ಜೊತೆ ಊಟಕ್ಕೆ ಕೂರುತ್ತಿಲ್ಲ. ಸೂಪು ಬೇಗ ಮುಗಿಯುತ್ತದೆ.

ಒಂದು ವಿಷಯ ಮಾತ್ರ ಹೇಳಿ ಮುಗಿಸುತ್ತೇನೆ, ಮತ್ತೆ ಎತ್ತಬೇಡ. ಏಪ್ರಿಲ್‌ನಲ್ಲಿ ಮತಕ್ಕೆ ಮುಂಚಿನ ದಿನ ರೇಡಿಯೋ ಹಾಕಿದ್ದೆ. ಕೆಸ್ಲರ್ ನನ್ನ ಗೈರುಹಾಜರಿಯಲ್ಲೇ ಮತ ತಂದಿದ್ದಾನೆ ಅಂತ ತಿಳಿದಾಗ ಚೀಲ ತುಂಬಿಕೊಂಡೆ. ಯುಡೋರಾ ಕಣ್ಣು ಬಿಟ್ಟು ಎಲ್ಲಿಗೆ ಅಂದಳು. ವಾಷಿಂಗ್ಟನ್‌ಗೆ ಅಂದೆ. “ನಿಮ್ಮ ಬದಲು ಅಲ್ಲಿ ಯಾರಿದ್ದಾರೆ?” ಅಂದಳು. ಟ್ವೆಟ್ ಅಂದೆ. “ಹಾಗಾದರೆ ಕೂತ್ಕೊಳ್ಳಿ” ಅಂದಳು. ಕೂತೆ. ಅವಳ ಜೊತೆ ಸರಿಯಾಗಿ ಮಾತಾಡಿದ ಕೊನೆಯ ಮಧ್ಯಾಹ್ನ ಅದು.

ನಿನ್ನ ಅಳಿಯ ಅಲ್ಲಿದ್ದ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಕೂತೆ. ನಿನ್ನ ಮೇಲೆ ಅಷ್ಟು ಭರವಸೆ ಇಟ್ಟಿದ್ದೆ.

ಸಭೆ ಮತ್ತೆ ಸೇರಿದಾಗ ಗೋಧಿ ಸಬ್ಸಿಡಿಗೆ ನಾನು ವಿರುದ್ಧ ಮತ ಹಾಕುತ್ತೇನೆ. ತಯಾರಾಗಿ ಬಾ.

ಲೂಷಸ್ ಟಾರ್ಲ್ಟನ್

•

ಮೈನಾಟ್, ಸೆಪ್ಟೆಂಬರ್ 4

ಪ್ರೀತಿಯ ಲೂಷಸ್ ಮಾಮ,

ಇಲ್ಲಿನ ಸುದ್ದಿ ತಿಳಿಸೋಣ ಅಂತ ಬರೆಯುತ್ತಿದ್ದೇನೆ.

ನದಿ ಇಳಿದು ಹೋಗುವಾಗ ಹಿತ್ತಿಲ ತುಂಬ ಕಪ್ಪು ಕೆಸರು ಬಿಟ್ಟು ಹೋಯಿತು. ಅದರಲ್ಲಿ ಟೊಮ್ಯಾಟೊ ಹುಚ್ಚು ಹಿಡಿದ ಹಾಗೆ ಬಿಟ್ಟಿದೆ. ಮಿಸೆಸ್ ಹ್ಯಾಸ್ಕೆಲ್‌ಗೂ ಒಂದು ಬುಟ್ಟಿ ಕೊಟ್ಟೆ. ಅವಳ ಗಂಡನೂ ವಾಪಸು ಬಂದಿದ್ದಾನೆ. ಪೆಟ್ರೋಲಿನ ಮಾತು ಇಬ್ಬರೂ ಎತ್ತಲಿಲ್ಲ.

ರಾಯ್ ಮನೆಗೆ ಬಂದ. ಮೊದಮೊದಲು ಹಿತ್ತಿಲ ಮೆಟ್ಟಿಲ ಮೇಲೆ ಕೂತು ಆಕಾಶ ನೋಡುತ್ತಿದ್ದ, ವಿಮಾನದ ಸದ್ದು ಕೇಳಿದರೆ ಒಳಗೆ ಹೋಗುತ್ತಿದ್ದ. ಮಗುವನ್ನು ಮುಟ್ಟಲು ಹೆದರುತ್ತಿದ್ದ. ನಿನ್ನೆ ಅವಳನ್ನು ಎದೆಗೆ ಒರಗಿಸಿಕೊಂಡು ನಡೆಯುತ್ತ ಏನೋ ಗುನುಗುತ್ತಿದ್ದ. ಜೋಗುಳ ಅಂದುಕೊಂಡೆ. ಹತ್ತಿರ ಹೋದರೆ ಅವನ ನಕ್ಷೆಯ ಊರುಗಳ ಹೆಸರು. ಒಂದಾದ ಮೇಲೊಂದು, ಮೆಲ್ಲಗೆ, ಒಂದನ್ನೂ ತಪ್ಪಿಸದೆ. ಮಗು ನಿದ್ದೆ ಹೋಯಿತು. ನಾನು ಬಾಗಿಲಲ್ಲೇ ನಿಂತುಬಿಟ್ಟೆ.

ಅವಳಿಗೆ ಅಮ್ಮನ ಹೆಸರನ್ನೇ ಇಟ್ಟಿದ್ದೇವೆ, ಥೋರಾ. ನಡುವಿನ ಹೆಸರು ಯುಡೋರಾ. ಎರಡೂ ಸೇರಿದರೆ ಪ್ರಾಸ ಕೂತಿತು ಅಂತ ಅಪ್ಪ ಮೂರು ದಿನ ಮೀಸೆಯಲ್ಲೇ ನಗುತ್ತಿದ್ದರು.

ಅಪ್ಪನ ಮೇಲೆ ನನಗೆ ಇನ್ನೂ ಸ್ವಲ್ಪ ಕೋಪ ಇದೆ. ಏಪ್ರಿಲ್‌ನಿಂದ ಜೂನ್‌ವರೆಗೆ ರಾಯ್ ಹಾರಿದ ದಿನಗಳನ್ನು ಯಾರೂ ವಾಪಸು ಕೊಡಲಾರರು, ಅವನ ನಕ್ಷೆಯಲ್ಲಿದ್ದವರಿಗಂತೂ ಕೊಡಲಾರರು. ಅಪ್ಪ ಅವತ್ತು ಮಾತು ಮುರಿದಿದ್ದರೆ ಅಷ್ಟೂ ಉಳಿಯುತ್ತಿತ್ತು. ಮುರಿದಿದ್ದರೆ ಜೂನ್‌ನಲ್ಲಿ ನೀವು ಎದ್ದು ನಿಲ್ಲುತ್ತಿದ್ದಿರಾ? ಇದನ್ನು ಎಷ್ಟು ಸಲ ಯೋಚಿಸಿದರೂ ಲೆಕ್ಕ ಸಮ ಬರುತ್ತದೆ, ಮತ್ತೆ ಯೋಚಿಸುತ್ತೇನೆ.

ಇದರ ಜೊತೆ ನಾಲ್ಕು ಲೆಫ್ಸ ರೊಟ್ಟಿ ಇವೆ. ಬೆಣ್ಣೆ ಸವರಿ, ಸಕ್ಕರೆ ಉದುರಿಸಿ, ಸುರುಳಿ ಸುತ್ತಿ ತಿನ್ನಿ. ಊಟದ ಕೋಣೆಯಲ್ಲಿ ಎದುರಿಗೆ ಯಾರಾದರೂ ಬಂದು ಕೂತರೆ ಅವರಿಗೂ ಒಂದು ಕೊಡಿ. ಕೂರುವವರು ನನ್ನಪ್ಪನೇ ಆಗಿದ್ದರೆ ಗೋಧಿಯ ಜಗಳ ಮುಗಿದ ಮೇಲೆ ಕೊಡಿ.

ಈ ಪತ್ರದಲ್ಲಿ ಒಂದು ಪದ ಬರೆಯಕೂಡದು ಅಂತ ಅಪ್ಪನ ಕಟ್ಟಪ್ಪಣೆ. ಬರೆಯುವ ಸ್ವಾತಂತ್ರ್ಯ ನನಗಿದ್ದಿದ್ದರೆ ಏನು ಬರೆಯುತ್ತಿದ್ದೆ ಅಂತ ನಿಮಗೆ ಗೊತ್ತು. ಆದ್ದರಿಂದ ತಡೆಹಿಡಿಯುತ್ತೇನೆ.

ನಿಮ್ಮಿಂದ ಇನ್ನೊಂದು ಪೆಪ್ಪರ್‌ಮಿಂಟ್ ಬರಬೇಕಾದವಳು,
ಮಾರಿಟ್